ಗುಂಡಿಗೂ ಬ್ಯಾರೆ ಖೋಲಿ

ಪೊಲೀಸ್ ಖಾತೆಯಲ್ಲಿ ಬಂದೂಕು ರಿಪೇರಿ ನನ್ನ ಕೆಲಸ. ಲೈಸೆನ್ಸಿನ ಬಂದೂಕುಗಳ ತಪಾಸಣೆಗೆ ಚಿಂಚೋಳಿಗೆ ಹೋಗಿದ್ದಾಗ ಚಿಮ್ಮನಚೋಡದ ಗೌಡರೊಬ್ಬರು ಇಬ್ಬರು ತಮ್ಮಂದಿರ ಜೊತೆ ಬಂದು ಹೊಸ ಪಿಸ್ತೂಲು ಮುಂದಿಟ್ಟರು.

“ಮನ್ಯಾಗ ರಿವಾಲ್ವರ್ ಗುಂಡು ರಗಡ ಬಿದ್ದಾವ. ಇದಕ್ಕ ಯಾಕ ಹಾಕಬಾರದ್ರಿ?”

ಆ ಗುಂಡಿನ ಬುಡಕ್ಕೆ ಹೊರಚಾಚಿದ ಅಂಚಿರುತ್ತದೆ. ರಿವಾಲ್ವರಿನಲ್ಲಿ ಗುಂಡು ಮುಂದಕ್ಕೆ ಜಾರದಂತೆ ಹಿಡಿಯುವುದೇ ಆ ಅಂಚು. ಪಿಸ್ತೂಲಿನಲ್ಲಿ ಗುಂಡುಗಳು ಒಂದರ ಮೇಲೊಂದು ಕೂತಿರುತ್ತವೆ. ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಅದು ಮುಂದೆ ಸರಿಯುವುದಿಲ್ಲ. ಇಷ್ಟು ಹೇಳಿದರೂ ಗೌಡರಿಗೆ ಸಮಾಧಾನವಾಗಲಿಲ್ಲ.

“ಪಿಸ್ತೂಲಂದ್ರ ನಿಮ್ಮ ಮನಿ ಇದ್ದಂಗ್ರಿ,” ಎಂದೆ. “ಎಲ್ಲಾರೂ ಒಂದ ಖೋಲ್ಯಾಗ. ದೊಡ್ಡವ್ರು ಊಟ ಬಿಟ್ಟು ಏಳೋತನಕ ಸಣ್ಣವ್ರು ಏಳಂಗಿಲ್ಲ. ರಿವಾಲ್ವರ್‌ನ್ಯಾಗ ಒಬ್ಬೊಬ್ಬರಿಗೂ ಬ್ಯಾರೆ ಖೋಲಿ. ಯಾರಿಗೂ ಯಾರೂ ಅಡ್ಡ ಬರಂಗಿಲ್ಲ.”

ಗೌಡರಿಗಿಂತ ಮೊದಲು ಸಣ್ಣ ತಮ್ಮ ತಲೆಯಾಡಿಸಿದ. “ಸಾಹೇಬ್ರು ಖರೇನ ಹೇಳ್ಲಿಕತ್ತಾರ ನೋಡಣ್ಣ.”

ಮರುವರ್ಷ ಗೌಡರು ಒಬ್ಬರೇ ಬಂದರು. ಪಿಸ್ತೂಲು ಮೇಜಿನ ಮೇಲಿಟ್ಟು, “ಮನ್ಯಾಗ ಈಗ ಮೂರು ಒಲಿ ಆಗ್ಯಾವ್ರಿ. ಈ ಸಲ ನಾ ಏನೂ ಕೇಳಂಗಿಲ್ಲ,” ಎಂದರು.

ಅದೇ ಸಂಜೆ ಸಣ್ಣ ತಮ್ಮನ ಹೆಂಡತಿ ನನಗೊಂದು ಡಬ್ಬಿ ತುಪ್ಪ ಕಳಿಸಿದಳು.