ಭದ್ರಮ್ಮ ಕೊಡದ ಮಾತ್ರೆ

ಹೆಬ್ಬೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಶಾ ಕಾರ್ಯಕರ್ತೆ ಭದ್ರಮ್ಮ, ಚಿಕ್ಕಗಂಗಮ್ಮನ ಜಗುಲಿಯ ಮೇಲೆ ಕೂತು ಆಕೆಯ ಮೊಮ್ಮಗಳ ಹೊಟ್ಟೆ ಮುಟ್ಟಿ ನೋಡುತ್ತಿದ್ದಾರೆ. ಹೇಮಶ್ರೀ ಮೂರು ವರ್ಷದ ಕೂಸು. ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಂಡಿದೆ. ಅಂಗಳದಲ್ಲಿ ಈಗಷ್ಟೇ ಮಾಡಿದ ಹಸಿರು ವಾಂತಿ, ಅದರಲ್ಲೊಂದು ಉದ್ದನೆಯ ಜಂತುಹುಳು.

ಚಿಕ್ಕಗಂಗಮ್ಮನ ಅಂಗೈಯಲ್ಲಿ ಬಿಳಿ ಮಾತ್ರೆಯಿದೆ. "ನೀನೇ ಕೊಟ್ಟಿದ್ದಲ್ವೇನವ್ವ ಇದು? ಅರೆದು ಕುಡಿಸ್ಬುಡು, ಎಲ್ಲಾ ಉದುರೋಗ್ಲಿ."

"ಬೇಡ ಕಣತ್ತೆ. ಇವತ್ತು ಈ ಮಾತ್ರೆ ಕೊಡ್ಬಾರ್ದು."

ವಸಂತನರಸಾಪುರದ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ಆಗತಾನೇ ಬಂದಿರುವ ಮಗುವಿನ ಅಪ್ಪ ಭೀಮರಾಜ್‌ಗೆ ರೇಗಿಹೋಗುತ್ತದೆ. "ಏನಕ್ಕ ನಿಮ್ದು? ಅವತ್ತು ಬಾಗ್ಲಿಗ್ ಬಂದು ತಗೊಳಿ ತಗೊಳಿ ಅಂತ ಪ್ರಾಣ ತಿಂದ್ರಿ. ಇವತ್ತು ನಾವೇ ಕೇಳಿದ್ರೆ ಆಗಲ್ಲ ಅಂತೀರಾ!"

ಅವನ ಸಿಟ್ಟಿಗೂ ಅರ್ಥವಿದೆ. ಜಂತುಹುಳು ಮಾತ್ರೆ ಕೊಡುವ ದಿನ ಭದ್ರಮ್ಮ ಎರಡು ಚಮಚ ಹಿಡಿದು ಮನೆ ಮನೆ ಸುತ್ತುತ್ತಾರೆ. ಒಂದು ಚಮಚದಲ್ಲಿ ಮಾತ್ರೆ ಇಟ್ಟು, ಇನ್ನೊಂದರಿಂದ ಒತ್ತಿ ಪುಡಿ ಮಾಡಿ, ಕಣ್ಣೆದುರೇ ಮಗುವಿಗೆ ತಿನ್ನಿಸಿ ಮುಂದಕ್ಕೆ ಹೋಗುವುದು ಅವರ ಪದ್ಧತಿ. ಅವತ್ತು ಹೇಮಶ್ರೀ ಮಲಗಿದ್ದಳು. ಎದ್ದಮೇಲೆ ತಿನ್ನಿಸುತ್ತೇನೆಂದು ಅಜ್ಜಿ ಮಾತ್ರೆ ಇಸಿದುಕೊಂಡರು. ಆದರೆ ಯಡಿಯೂರಿನ ದೇವರಿಗೆ ಮುಡಿ ಕೊಡುವ ತನಕ ಕೂಸಿಗೆ ಮಾತ್ರೆ ಔಷಧಿ ಸೋಕಿಸುವುದಿಲ್ಲ ಎಂದು ಅವರದೊಂದು ಹರಕೆ. ಮಾತ್ರೆ ದೇವರ ಪಟದ ಹಿಂದೆ ಸೇರಿತು. ಮಗು ಮಣ್ಣು ತಿಂದರೂ, ಮೈ ಬಿಳಿಚಿಕೊಂಡರೂ ದೃಷ್ಟಿ ತೆಗೆದದ್ದೇ ತೆಗೆದದ್ದು. ಈಗ ವಾಂತಿಯಲ್ಲಿ ಹುಳು ಕಂಡಮೇಲೆ ಹರಕೆ ಮರೆತು ಅದೇ ಮಾತ್ರೆಯನ್ನು ಹೊರತೆಗೆದಿದ್ದಾರೆ.

ಭದ್ರಮ್ಮ ಮಾತ್ರೆ ಕಸಿದುಕೊಂಡು ಸೆರಗಿಗೆ ಗಂಟು ಹಾಕಿ ಆಂಬುಲೆನ್ಸ್‌ಗೆ ಫೋನ್ ಮಾಡುತ್ತಾರೆ. "ಹುಳ ಕರುಳಲ್ಲಿ ಗಂಟಾಗಿ ದಾರಿ ಕಟ್ಟಿರ್ಬೋದು. ಈಗ ಮಾತ್ರೆ ಹಾಕಿದ್ರೆ ಇನ್ನೂ ಬಿಗೀತದೆ. ಮಾತ್ರೆನೂ ಬೇಡ, ಹರಳೆಣ್ಣೆನೂ ಬೇಡ. ಬಾಯಿಗ್ ಏನೂ ಹಾಕ್ಬೇಡಿ. ಬೈಯೋದಿದ್ರೆ ದಾರೀಲ್ ಬೈಯಿರಿ, ಮೊದ್ಲು ಗಾಡಿ ಹತ್ತಿ!"

ಬೈಗುಳ ಅವರಿಗೆ ಹೊಸದೇನಲ್ಲ. ಗುಬ್ಬಿ ಕಡೆಯಿಂದ ಮದುವೆಯಾಗಿ ಬಂದು ಈ ಕೆಲಸ ಹಿಡಿದಾಗಿನಿಂದ ಎಷ್ಟೋ ಬಾಗಿಲು ಮುಖಕ್ಕೇ ಮುಚ್ಚಿವೆ. ಮಾತ್ರೆ ತಿಂದ ಮಗುವಿಗೆ ಸ್ವಲ್ಪ ಹೊಟ್ಟೆ ನುಲಿದರೂ ಸಾಕು, ಜನ ಇವರ ಮನೆ ಮುಂದೆ ನಿಲ್ಲುತ್ತಾರೆ. "ರೂಢಿ ಆಗೋಗದೆ ಬುಡಿ" ಎಂದು ನಗುವ ಭದ್ರಮ್ಮ ಈವತ್ತು ಆಂಬುಲೆನ್ಸ್‌ನಲ್ಲಿ ನಗುವುದಿಲ್ಲ. ಮಗು ಅಳುವುದನ್ನೂ ನಿಲ್ಲಿಸಿಬಿಟ್ಟಿದೆ. ಅದೇ ಅವರಿಗೆ ಹೆಚ್ಚು ಭಯ.

ತುಮಕೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರ್ ಅದನ್ನೇ ಹೇಳುತ್ತಾರೆ. ಹುಳುಗಳು ಕರುಳು ಕಟ್ಟಿಹಾಕಿವೆ. ಮೂಗಿಗೆ ನಳಿಕೆ, ಕೈಗೆ ಡ್ರಿಪ್. ತಾನಾಗಿ ಬಿಡದಿದ್ದರೆ ಆಪರೇಷನ್. ಚಿಕ್ಕಗಂಗಮ್ಮ ಸಿಕ್ಕಸಿಕ್ಕ ದೇವರಿಗೆಲ್ಲ ಕೈ ಮುಗಿಯುತ್ತಾರೆ. ತಾನು ಅವತ್ತು ಕಣ್ಣೆದುರು ತಿನ್ನಿಸದೆ ಮಾತ್ರೆಯನ್ನು ಅಜ್ಜಿಯ ಕೈಗೆ ಕೊಟ್ಟು ಹೋದದ್ದು ಭದ್ರಮ್ಮನ ಎದೆಯಲ್ಲಿ ಕುಟುಕುತ್ತಲೇ ಇದೆ.

ಮರುದಿನ ಬೆಳಿಗ್ಗೆ ವಾರ್ಡಿನಿಂದ ಚಿಕ್ಕಗಂಗಮ್ಮನ ಕೂಗು. "ಭದ್ರೀ! ಆಯ್ತು ಕಣೇ! ಕೂಸು ಕಕ್ಕ ಮಾಡ್ತು ಕಣೇ!" ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ. ಭದ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಡುತ್ತಾರೆ. ಕರುಳು ತಾನಾಗಿ ಬಿಟ್ಟಿದೆ, ಆಪರೇಷನ್ ಬೇಕಿಲ್ಲ. ಹೊಟ್ಟೆಯುಬ್ಬರ ಇಳಿದ ಮೇಲೆ ಹುಳದ ಔಷಧಿಯನ್ನು ಡಾಕ್ಟರೇ ಕೊಡುತ್ತಾರೆ.

ಈಗ ಮತ್ತೆ ಮಾತ್ರೆ ಕೊಡುವ ದಿನ ಬಂದಿದೆ. ಬೆಳ್ಳಂಬೆಳಿಗ್ಗೆ ಅಂಗನವಾಡಿ ಬಾಗಿಲಲ್ಲಿ ಮೊದಲು ನಿಂತವರು ಚಿಕ್ಕಗಂಗಮ್ಮ. ಕಂಕುಳಲ್ಲಿ ಹೇಮಶ್ರೀ, ಕೈಯಲ್ಲಿ ಮನೆಯಿಂದಲೇ ತಂದ ಎರಡು ಚಮಚ. ತಿನ್ನಿಸುವ ಮೊದಲು ಅವರೇ ಕೇಳುತ್ತಾರೆ: "ಹೊಟ್ಟೆ ಮುಟ್ಟಿ ನೋಡವ್ವ. ಇವತ್ತು ಕೊಡ್ಬೋದಾ?"

ಜನರಿಂದ ನಿಮಗೇನು ಬೇಕು ಎಂದು ಯಾರೋ ಕೇಳಿದರೆ ಭದ್ರಮ್ಮ ಮಾತ್ರೆ ಪುಡಿ ಮಾಡುತ್ತಲೇ ಹೇಳುತ್ತಾರೆ: "ತಗೊಳಿ ಅಂದಾಗ ಜನ ಬೈದ್ರೂ ಪರ್ವಾಗಿಲ್ಲ. ಬೇಡ ಅಂದ್ ದಿನ ನನ್ನ ನಂಬುದ್ರೆ ಸಾಕು."