ಸೋಮವಾರದ ಎತ್ತುಗಳು

ಬೆಳಿಗ್ಗೆ ಮಗಳ ಮೊಬೈಲಿನ ಗೇಮಿನಲ್ಲಿ ಎರಡು ಎತ್ತುಗಳು ಹೊಲ ಉಳುತ್ತಿದ್ದವು. ನಾನು ಚಿಕ್ಕವಳಿದ್ದಾಗ ನಾವಿದ್ದ ಓಝರ್ ಊರಿನ ಕ್ವಾರ್ಟರ್ಸು, ಅಪ್ಪ ತಂದಿದ್ದ ಹಳೆಯ ಕಂಪ್ಯೂಟರು ಕಣ್ಣ ಮುಂದೆ ಬಂದವು.

ಬೀದರ್ ಕಡೆಯ ಹಳ್ಳಿಯಿಂದ ಬಂದಿದ್ದ ಅಜ್ಜಿ, ನಾನು ಬೇಸಾಯದ ಗೇಮ್ ಆಡುವಾಗ ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂರುತ್ತಿದ್ದಳು. ಜೀವನವಿಡೀ ಬೇರೆಯವರ ಹೊಲದಲ್ಲಿ ಕಳೆ ಕಿತ್ತವಳು.

“ಕಸ ಇಲ್ಲ, ಹುಳ ಇಲ್ಲ, ಮಣ್ಣಿನ ವಾಸನಿ ಇಲ್ಲ. ಇದ್ಯಾವ ಹೊಲ?” ಎಂದು ಮೂಗು ಮುರಿಯುತ್ತಿದ್ದಳು. ಆದರೂ ಬಿತ್ತಿದ ಕೂಡಲೇ ಜೋಳ ಮೊಳೆತರೆ ಸೆರಗಿನಿಂದ ಪರದೆಯ ಧೂಳು ಒರೆಸಿ ಮತ್ತೊಮ್ಮೆ ನೋಡುತ್ತಿದ್ದಳು.

ಒಂದು ದಿನ ಮೌಸ್ ಮೇಲಿದ್ದ ನನ್ನ ಕೈ ಹಿಡಿದಳು. “ಇವತ್ತ ಸೋಮವಾರ, ಬಸವಣ್ಣನ ವಾರ. ಎತ್ತ ಹೂಡಬಾರ್ದು.”

“ಅಜ್ಜಿ, ಇವು ಚಿತ್ರದಾಗಿನ ಎತ್ತ.”

“ಇರ್ಲಿ. ಮಂದಿ ಹೊಲದಾಗ ನನ್ನ ಮಾತ ನಡೀಲಿಲ್ಲ. ಇದು ನಮ್ಮ ಹೊಲ ಅದ.”

ಎತ್ತುಗಳನ್ನು ನೊಗದಿಂದ ಬಿಟ್ಟೆ. ಸಮಯ ಮೀರಿ ಆಟ ಸೋತೆ. ನಾನು ಸಿಟ್ಟಿನಲ್ಲಿ ಊಟ ಬಿಟ್ಟರೆ, ಅಜ್ಜಿ ಅಂದು ಒಂದು ರೊಟ್ಟಿ ಹೆಚ್ಚೇ ತಿಂದಳು.

ಇಂದೂ ಸೋಮವಾರ. “ಎತ್ತು ಬಿಡು,” ಎಂದೆ.

“ಆಯಿ, ಇದು ಗೇಮ್ ಅದ,” ಎಂದಳು ಮಗಳು.

“ಹೊಲ ಯಾರದು?”

“ನಂದೇ.”

“ಹಾಗಾದರೆ ಬಿಡಬಹುದಲ್ಲ.”