ಅದರ ಹಾಗೇ ಇರೋ ವಾಸನೆ

ನಮ್ಮ ಬೀದಿಯಲ್ಲಿ ನಾಟಿ ಔಷಧಿ ಕೊಡುವ ಬೇರಿನಕ್ಕನಿಗೆ ನನ್ನ ಮೈವಾಸನೆ ಹಿಡಿಸುವುದಿಲ್ಲ ಎಂದು ಬಹಳ ಕಾಲ ನಂಬಿದ್ದೆ. ಬೀದಿಯಲ್ಲಿ ಎದುರಾದಾಗಲೆಲ್ಲ ಅವರು ಮೂಗು ಅರಳಿಸಿ, ಮುಖ ಸಿಂಡರಿಸಿ ಮುಂದೆ ಹೋಗುತ್ತಿದ್ದರು. ನಾನು ಸೋಪು ಬದಲಿಸಿದೆ, ಅತ್ತರು ಬಳಿದುಕೊಂಡೆ. ಆಮೇಲಂತೂ ಅವರು ರಸ್ತೆಯನ್ನೇ ದಾಟತೊಡಗಿದರು. ಕೊನೆಗೆ ನನ್ನ ಹೆಂಡತಿ, "ಅವರ ಮುಷ್ಟಿಯಲ್ಲಿ ಬೇರಿರುತ್ತೆ ರೀ. ಮೂಸಿಕೊಂಡು ಹೋಗ್ತಾರೆ, ನಿಮ್ಮ ಅತ್ತರು ಅಡ್ಡ ಬರುತ್ತೆ. ನಿಮ್ಮನ್ನ ಯಾರು ಮೂಸ್ತಾರೆ!" ಎಂದಳು.

ಅವರ ಔಷಧಿಯೆಲ್ಲ ಆ ಮೂಗಿನ ಮೇಲೆಯೇ ನಿಂತಿತ್ತು. ಊರ ಪಕ್ಕದ ಗುಡ್ಡವನ್ನು ಕಲ್ಲಿಗಾಗಿ ಒಡೆಯಲು ಶುರುಮಾಡಿದಾಗ ಅಲ್ಲಿಂದ ಎರಡು ಬಗೆಯ ಗಿಡ ತಂದು, ಹಿತ್ತಲಿನ ಬಿರುಕುಬಿಟ್ಟ ತೊಟ್ಟಿಯಲ್ಲಿ ಒಟ್ಟಿಗೆ ನೆಟ್ಟಿದ್ದರು. ಬೇರೆ ಬೇರೆ ನೆಟ್ಟರೆ ಎರಡೂ ಮುನಿಸಿಕೊಂಡು ಒಣಗುತ್ತಿದ್ದವು. ಗುಡ್ಡದಲ್ಲಿ ಈಗ ಅವು ಇಲ್ಲ. ಎಲೆ, ಹೂವು, ಬೇರಿನ ಬಣ್ಣ ಎಲ್ಲ ಒಂದೇ. ಒಂದರ ಬೇರು ಉಬ್ಬಸ ಇಳಿಸುತ್ತದೆ, ಇನ್ನೊಂದರದು ಉಸಿರನ್ನೇ ನಿಲ್ಲಿಸುತ್ತದೆ. ಗೊತ್ತಾಗುವುದು ಹಸಿಬೇರಿನ ವಾಸನೆಯಿಂದ ಮಾತ್ರ.

ಹೋದ ವರ್ಷ ಅವರಿಗೆ ಜ್ವರ ಬಂತು. ಜ್ವರ ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಒಲೆ ಮೇಲಿನ ಹಾಲು ಸೀದು ಮನೆಯೆಲ್ಲ ಹೊಗೆಯಾದರೂ ತಿಳಿಯಲಿಲ್ಲ. ಗಾಬರಿಬಿದ್ದು, ಬಟ್ಟೆ ಹೊಲಿಯುತ್ತಿದ್ದ ಮಗಳನ್ನು ಅಂಗಡಿಯಿಂದ ಕರೆಸಿದರು.

ಹಾಲು ಸೀದ ಸುದ್ದಿ ಕೇಳಿ ಅವರ ಹಿತ್ತಲಿಗೆ ಹೋದ ನನಗೆ ಕಂಡದ್ದು, ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತ ತಾಯಿ, ಮಗಳು. ಮಗಳ ಒಂದೊಂದು ಕೈಯಲ್ಲಿ ಒಂದೊಂದು ಬೇರು.

"ಒಳ್ಳೇದರ ವಾಸನೆ ಹೇಗಿರುತ್ತೆ ಹೇಳಮ್ಮ."

"ಅದರ ಹಾಗೇ ಇರುತ್ತೆ."

"ಅದರ ಹಾಗೆ ಅಂದ್ರೆ?"

"ಅದರ ಹಾಗೆ ಅಂದ್ರೆ ಅದರ ಹಾಗೇ ಕಣೇ! ಮೂಗಿಲ್ವಾ ನಿಂಗೆ? ಮೂಸು!"

ಮಗಳು ಮೂಸಿದಳು. "ಇದು ಒದ್ದೆ ಬಟ್ಟೆ ಮೇಲೆ ಇಸ್ತ್ರಿ ಇಟ್ಟ ಹಾಗಿದೆ. ಅದು ಮೆಷಿನ್ ಎಣ್ಣೆ ಹಾಗೆ. ಯಾವುದಮ್ಮ ಒಳ್ಳೇದು?"

ಬೇರಿನಕ್ಕ ಎರಡನ್ನೂ ಕಸಿದುಕೊಂಡು ಮೂಗಿಗೆ ಒತ್ತಿಕೊಂಡರು. ಬಹಳ ಹೊತ್ತು ಒತ್ತಿಕೊಂಡೇ ಇದ್ದರು. ಮೂಗಿನ ತುದಿಗೆ ಮಣ್ಣು ಹತ್ತಿತು, ಅಷ್ಟೇ. ಇಸ್ತ್ರಿಪೆಟ್ಟಿಗೆಯನ್ನು ಜನ್ಮದಲ್ಲಿ ಮುಟ್ಟಿದವರಲ್ಲ ಅವರು. ಸಣ್ಣ ದನಿಯಲ್ಲಿ, "ಇಸ್ತ್ರಿ ಹಾಗೆ ಅಂದ್ರೆ ಹೇಗೇ?" ಎಂದು ಕೇಳಿದರು.

"ಇಸ್ತ್ರಿ ಹಾಗೇ ಅಮ್ಮ," ಎಂದವಳಿಗೆ ಅಳು ಬಂದುಬಿಟ್ಟಿತು.

ಅಂದಿನಿಂದ ಬಾಗಿಲಿಗೆ ಬಂದ ಉಬ್ಬಸದವರನ್ನು ಬೇರಿನಕ್ಕ ಆಸ್ಪತ್ರೆಗೆ ಕಳಿಸುತ್ತಾರೆ. ಕೆಲವರು ಬೈದುಕೊಂಡು ಹೋಗುತ್ತಾರೆ, ಹಳಬರು ಸುಮ್ಮನೆ ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂತು ಹೋಗುತ್ತಾರೆ. ತೊಟ್ಟಿಗೆ ನೀರು ಮಾತ್ರ ತಪ್ಪಿಲ್ಲ. ಗಿಡಗಳೆರಡೂ ಸೊಂಪಾಗಿ ಬೆಳೆದಿವೆ. ಯಾವುದು ಯಾವುದೆಂದು ಹೇಳಬಲ್ಲವರು ಯಾರೂ ಉಳಿದಿಲ್ಲ.

ಮೊನ್ನೆ ಅವರು ನೀರು ಹಾಕುತ್ತಿದ್ದರು. ಲೋಕಕ್ಕೆಲ್ಲ ಸಲಹೆ ಕೊಟ್ಟೇ ರೂಢಿಯಾದ ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಇಷ್ಟು ವರ್ಷದ ಅನುಭವ ನಿಮ್ಮದು ಅಕ್ಕ. ಕಣ್ಣಂದಾಜಲ್ಲೇ ಒಂದು ಬೇರು ಕಿತ್ತು ಕಷಾಯ ಮಾಡಿದ್ರೆ ಆಗಲ್ವಾ?"

ಬೇರಿನಕ್ಕ ಚೊಂಬು ಕೆಳಗಿಟ್ಟರು.

"ಆಗುತ್ತಪ್ಪ. ಮೊದಲು ನೀನು ಕುಡಿ."